ಮೇಸ್ತ್ರಿ ಕೂತ ಟ್ರಾಲಿ

ಕಳೆದ ತಿಂಗಳು ಮೇಸ್ತ್ರಿಯವರ ಶಿವಗಣಾರಾಧನೆಗೆ ಹೋಗಿದ್ದೆ. ಶಿಕಾರಿಪುರದ ಅವರ ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ರೈತರೊಬ್ಬರು ಹುಗ್ಗಿಗೆ ಹಾಲು ಹಾಕಿಸಿಕೊಳ್ಳುತ್ತ, "ಅವ್ರು ಕುಂತ ಟ್ರಾಲಿ ಒಂದಾದ್ರೂ ಬಿದ್ದದ್ದು ಕೇಳೀರೇನ್ರೀ?" ಎಂದು ಎದುರು ಸಾಲಿನವರನ್ನು ಕೇಳಿದರು. ಯಾರೂ ಕೇಳಿರಲಿಲ್ಲ. "ನಮ್ಮ ಗಾಡೀಲೂ ಅವರ ಚುಕ್ಕಿ ಐತಿ. ಎತ್ತಿ ನಿಲ್ಸಿ ಕೆಳಗ ಮಲಗಬಹುದು" ಎಂದರು ಇನ್ನೊಬ್ಬರು. ಆ ಚುಕ್ಕಿಗಳಲ್ಲಿ ಒಂದು ಮೇಸ್ತ್ರಿಯವರದ್ದಲ್ಲ, ನನ್ನದು. ಅದು ಇರುವ ಟ್ರಾಲಿ ಈಗ ಯಾವ ಊರಿನಲ್ಲಿ ಯಾರ ತಲೆಯ ಮೇಲೆ ಎದ್ದು ನಿಂತಿದೆ ಎಂಬುದು ಆ ಪಂಕ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ.

ನಮ್ಮದು ಟ್ರ್ಯಾಕ್ಟರಿಗೆ ಕಟ್ಟುವ ಟ್ರಾಲಿ ಮಾಡುವ ವರ್ಕ್‌ಶಾಪು. ತಂದೆಯ ಕಾಲದಿಂದ ಇದೆ. ಮಣ್ಣು, ಜಲ್ಲಿ, ಮೆಕ್ಕೆಜೋಳ ತುಂಬಿದ ಟ್ರಾಲಿಯನ್ನು ಹಿಂದಕ್ಕೆ ವಾಲಿಸಿ ಸುರಿಯಲು ಅದರ ಹೊಟ್ಟೆಯಡಿ ಒಂದು ಜಾಕ್ ಇರುತ್ತದೆ. ಜಾಕ್ ಅಂದರೆ ಉಕ್ಕಿನ ಒಂದು ಕೊಳವೆ, ಅದರೊಳಗೆ ಒಂದು ರಾಡು, ರಾಡನ್ನು ಮೇಲಕ್ಕೆ ನೂಕುವ ಎಣ್ಣೆ. ಟ್ರಾಲಿ ಎದ್ದು ನಿಂತಾಗ ಎಣ್ಣೆಯ ಒತ್ತಡವನ್ನೆಲ್ಲ ತಡೆದುಕೊಳ್ಳುವುದು ಆ ಕೊಳವೆ. ಅದು ಸೀಳಿದರೆ ಕೆಳಗಿದ್ದವನಿಗೆ ಅಯ್ಯೋ ಅನ್ನಲೂ ಪುರುಸೊತ್ತು ಸಿಗುವುದಿಲ್ಲ.

ಮೇಸ್ತ್ರಿ ನಮ್ಮಲ್ಲಿಗೆ ಬಂದಾಗಲೇ ತಲೆ ಪೂರಾ ಬೆಳ್ಳಗಾಗಿತ್ತು. ದೂರದ ಒಂದು ದೊಡ್ಡ ಊರಿನಲ್ಲಿ ಉಕ್ಕಿನ ಕೊಳವೆ ತಯಾರಿಸುವ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿ, ಬಲಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟು, ಹುಟ್ಟೂರಿಗೆ ವಾಪಸಾಗಿದ್ದರು. ಹಣೆಗೆ ವಿಭೂತಿ, ಖಾಕಿ ಅಂಗಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಪಂಚು. ಪಂಚು ಅಂದರೆ ಕಬ್ಬಿಣದ ಮೇಲೆ ಗುರುತು ಹೊಡೆಯುವ ಚೂಪು ಮೊಳೆ. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಹೊಸ ಕೊಳವೆ ಬಂದರೆ ಉಳಿದ ಬೆರಳುಗಳನ್ನು ಅದರ ಬಾಯೊಳಗೆ ಹಾಕಿ, ಕಣ್ಣು ಮುಚ್ಚಿ, ಸುತ್ತಲೂ ಆಡಿಸುತ್ತಿದ್ದರು. ಹೋರಿ ಕೊಳ್ಳಲು ಬಂದವರು ಕೂಡ ಅಷ್ಟು ಹೊತ್ತು ಹಲ್ಲು ನೋಡುವುದಿಲ್ಲ ಎಂದು ನಾನು ನಗಾಡುತ್ತಿದ್ದೆ. "ಹೋರಿ ಹಾಯ್ದ್ರೆ ಒಬ್ಬ ಸಾಯ್ತಾನೆ ತಮ್ಮಾ" ಎನ್ನುತ್ತಿದ್ದರು. ಅವರು ನಗುತ್ತಿರಲಿಲ್ಲ.

ಅವರದೊಂದು ಪದ್ಧತಿ. ಟ್ರಾಲಿ ಸಿದ್ಧವಾದ ದಿನ ಹಿಂದಿನ ಬಾಗಿಲು ಭದ್ರಪಡಿಸಿ, ತುಂಬ ಒದ್ದೆ ಮರಳು ತುಂಬಿಸಿ, ಪೂರ್ತಿ ಮೇಲೆತ್ತಿಸುವುದು. ಆಮೇಲೆ ಒಂದು ಗೋಣಿಚೀಲ ಹಿಡಿದು ಅದರ ಕೆಳಗೆ ಹೋಗಿ, ಹಾಸಿಕೊಂಡು ಕೂತು, ಒಂದು ಗ್ಲಾಸು ಚಹಾ ಕುಡಿಯುವುದು. ಬೇಗ ಮುಗಿಸುತ್ತಿರಲಿಲ್ಲ, ಆರಿಸಿ ಆರಿಸಿ ಕುಡಿಯುತ್ತಿದ್ದರು. ಹೊರಗೆ ಬಂದು ಜಾಕಿನ ಕೊಳವೆಯ ಬುಡದಲ್ಲಿ ಪಂಚಿಟ್ಟು ಸುತ್ತಿಗೆಯಿಂದ ಒಂದೇ ಏಟು. ಒಂದು ಚುಕ್ಕಿ. ಗಿರಾಕಿಗಳು ತೆಂಗಿನಕಾಯಿ ಒಡೆಯುತ್ತಿದ್ದುದು ಆ ಚುಕ್ಕಿ ಬಿದ್ದ ಮೇಲೆ.

ನನಗೆ ಮೊದಮೊದಲು ಇದು ಹುಚ್ಚಾಟವಾಗಿ ಕಂಡಿತ್ತು. "ಇಷ್ಟು ಧೈರ್ಯ ಯಾಕ್ರೀ ಮೇಸ್ತ್ರಿ, ಈ ವಯಸ್ಸಿನಾಗ?" ಎಂದು ಕೇಳಿದ್ದೆ.

"ಧೈರ್ಯ ಮಾಡಿ ಕುಂದ್ರಬಾರ್ದು ತಮ್ಮಾ. ಗೊತ್ತಿದ್ರ ಕುಂದ್ರಬೇಕು. ಗೊತ್ತಿಲ್ಲಂದ್ರ ಯಾರನ್ನೂ ಕುಂದ್ರಸಬಾರ್ದು."

ಗೊತ್ತು ಮಾಡಿಕೊಳ್ಳುವುದು ಹೇಗೆ ಎಂಬುದನ್ನು ನನಗೆ ಚಹಾದ ಹೊತ್ತಿನಲ್ಲಿ ಕಲಿಸಿದರು. ಬೆಂಚಿನ ಮೇಲೆ ಮೂರು ತುಂಡು ಕೊಳವೆ ಇಡುತ್ತಿದ್ದರು. ಮೂರೂ ಒಂದೇ ದಪ್ಪ, ಒಂದೇ ಹೊಳಪು. ಒಂದನೆಯದು ಎಳೆದದ್ದು. ಅಕ್ಕಸಾಲಿಗರು ತೂತಿನ ಪಟ್ಟಿಯಲ್ಲಿ ಬೆಳ್ಳಿ ತಂತಿ ಎಳೆಯುತ್ತಾರಲ್ಲ, ಹಾಗೆ. ಹೊಲಿಗೆಯೇ ಇಲ್ಲದ ಇಡೀ ಕೊಳವೆಯನ್ನು ಆಸಿಡ್ಡಿನಲ್ಲಿ ತೊಳೆದು, ಸೋಪು ಬಳಿದು, ಅದರ ಮೂತಿ ಬಡಿದು ಸಣ್ಣದು ಮಾಡಿ, ಗಟ್ಟಿ ತೂತಿನಲ್ಲಿ ತೂರಿಸಿ, ಆಚೆಯಿಂದ ಇಕ್ಕಳ ಕಚ್ಚಿಸಿ ಸರಪಳಿಯಿಂದ ಎಳೆಯುತ್ತಾರೆ. ಕಾಸದೆ, ತಣ್ಣಗಿದ್ದಂತೆಯೇ. ಒಳಗೆ ಹೊರಗೆ ಕನ್ನಡಿಯಂಥ ನಯ ಬರುತ್ತದೆ, ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಎರಡನೆಯದು ಲಟ್ಟಿಸಿದ್ದು. ಒಳಗೆ ಕೋಲು ಕೊಟ್ಟು, ಹೊರಗಿನಿಂದ ಎರಡು ಉರುಳೆಗಳು ಹಿಂದಕ್ಕೂ ಮುಂದಕ್ಕೂ ಉಜ್ಜಿ ಉಜ್ಜಿ ಸಣ್ಣ ಮಾಡುತ್ತವೆ. ನಿಧಾನದ ಕೆಲಸ, ಉರುಳೆಗಳಿಗೂ ಖರ್ಚು ಜಾಸ್ತಿ. ಆದರೆ ಎಳೆಯುವಾಗ ನಾಲ್ಕು ಸಲಕ್ಕೆ ಸಣ್ಣದಾಗುವಷ್ಟು ಇಲ್ಲಿ ಒಂದೇ ಸಲಕ್ಕೆ ಆಗುತ್ತದೆ, ಉಕ್ಕು ಸೀಳುವ ಭಯ ಕಡಿಮೆ. ಮೂರನೆಯದು ಹೊಲಿದದ್ದು. ತಗಡನ್ನು ಮಡಚಿ ಅಂಚಿಗೆ ಅಂಚು ಬೆಸೆದು ಕೊಳವೆ ಮಾಡಿ, ಆಮೇಲೆ ಅದನ್ನೂ ಎಳೆಯುತ್ತಾರೆ.

"ಹಂಗಾದ್ರೆ ಮೂರನೇದು ಕೆಟ್ಟದ್ದು" ಎಂದೆ.

"ಯಾರಂದ್ರು? ಹೊಲಿಗಿ ಒಳ್ಳೇದಿದ್ದು, ಕಾಸಿ, ಎಳದು, ಮತ್ತೆ ಹದಕ್ಕ ತಂದ್ರ ಅದೂ ಗಟ್ಟೀನ. ಅಗ್ಗ ಆಕ್ಕತಿ, ಗ್ವಾಡಿ ದಪ್ಪ ಸುತ್ತಲೂ ಒಂದ ಸಮ ಇರ್ತತಿ. ಕೆಟ್ಟದ್ದು ಕೊಳವಿ ಅಲ್ಲ ತಮ್ಮಾ, ಅವಸರ. ತಣ್ಣಗ ಎಳದಷ್ಟೂ ಉಕ್ಕು ಸೆಡೀತತಿ. ನಡುವ ಕಾಸಿ ಅದರ ಸೆಡವು ಇಳಸಬೇಕು. ಇಳಸದಿದ್ರ ಅದು ಒಳಗ ಇಟ್ಕಂಡು ಕುಂತಿರ್ತತಿ. ಇವತ್ತಲ್ಲ ನಾಳೆ ತೋರಸ್ತತಿ."

ಬೆರಳು ಹೋದದ್ದು ಹೇಗೆ ಎಂದು ಆಗಲೇ ಕೇಳಿದ್ದು. ಎಳೆಯುವ ಬೆಂಚಿನಲ್ಲಿ ಕೊಳವೆಯ ಮೂತಿ ಹರಿದು, ಇಕ್ಕಳ ಸರಪಳಿಸಮೇತ ಹಾರಿತಂತೆ. "ನಂದು ಎರಡು ಬೆರಳು ಹೋತು. ಆಚಿಗೆ ನಿಂತಿದ್ದವಂದು ಪೂರಾ ಹೋತು. ನಡುವ ಕಾಸಬೇಕಿತ್ತು. ಕಾಸಿರಲಿಲ್ಲ" ಎಂದು ಗ್ಲಾಸು ತೊಳೆಯಲು ಎದ್ದು ಹೋದರು.

ಜಾಕಿನ ಸೋರಿಕೆಯ ಬಗ್ಗೆಯೂ ಅವರದೊಂದು ಮಾತಿತ್ತು, ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. "ಎಣ್ಣಿ ಮ್ಯಾಲಿನ ಬಾಯಿಂದ ಸೋರಿದ್ರ ರಬ್ಬರ್ ಸೀಲು ಹೋಗೇತಿ, ಬದಲಿಸು. ಬುಡದಿಂದ ಸೋರಿದ್ರ ಬೆಸುಗಿ ಬಿಟ್ಟೇತಿ, ಮತ್ತೆ ಹಾಕು. ನಡುವಿನಾಗ, ಏನೂ ಇಲ್ಲದ ಕಡೆ, ಎಣ್ಣಿ ಕಂಡ್ರ ನಿಂತು ನೋಡಬ್ಯಾಡ. ಓಡು."

ಈಗ ನನ್ನ ಕತೆ. ಆ ವರ್ಷ ಆಯುಧ ಪೂಜೆಗೆ ಮುಂಚೆ ನಾನು ಹೊಸ ವ್ಯಾಪಾರಿಯೊಬ್ಬನಿಂದ ಕೊಳವೆ ತರಿಸಿದ್ದೆ. ಹೊಲಿಗೆಯಿಲ್ಲದ್ದು, ತಣ್ಣಗೆ ಎಳೆದದ್ದು ಎಂದು ಕಾಗದದಲ್ಲಿ ಬರೆದು ಸೀಲು ಹಾಕಿತ್ತು. ನನಗೂ ಬೆಲೆ ಹಿಡಿಸಿತ್ತು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿಯವನು ನಾನು. ಮೇಸ್ತ್ರಿ ಅದನ್ನು ನಾಲ್ಕು ಜಾಕಿಗೆ ಬೇಕಾದಷ್ಟು ತುಂಡು ಮಾಡಿದರು. ಒಂದು ಜಾಕು ಜಡೆ ಎಂಬ ಊರಿನ ಗಿರಾಕಿಯ ಟ್ರಾಲಿಗೆ ಕೂತೂ ಆಗಿತ್ತು. ಆಗ ಉಳಿದ ಚೂರನ್ನು ಕೈಗೆತ್ತಿಕೊಂಡು ಬೆರಳಾಡಿಸಿದವರು ಕಣ್ಣು ಬಿಟ್ಟರು.

ಅದರ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ, ಹತ್ತಿಯಲ್ಲಿ ಆಸಿಡ್ ಅದ್ದಿ ಒರೆಸಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಉಂಗುರದ ಒಂದು ಕಡೆ ಸಣ್ಣ ಕಪ್ಪು ಗೆರೆ ಮೂಡಿತು. ಹೊಲಿಗೆ. ಆಮೇಲೆ ಒಂದು ಬಳೆಯಷ್ಟು ಅಗಲ ಕತ್ತರಿಸಿ, ಬಳೆಯನ್ನು ಒಂದು ಕಡೆ ಗರಗಸದಿಂದ ಸೀಳಿದರು. ಗರಗಸ ಇನ್ನೂ ಪೂರಾ ಇಳಿದಿರಲಿಲ್ಲ, ಟಕ್ ಎಂದು ಬಳೆ ತಾನಾಗಿ ಬಾಯಿ ಬಿಟ್ಟಿತು. ಕೆಲಸದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಹೊಲಿಗಿ ಗಟ್ಟಿ ಮಾಡಾಕ ಎಳದಿಲ್ಲ ಇದನ್ನ, ಮುಚ್ಚಾಕ ಎಳದಾರ" ಎಂದರು ಮೇಸ್ತ್ರಿ. "ಎಳದ ಮ್ಯಾಲ ಬೆಂಕಿ ತೋರ್ಸೇ ಇಲ್ಲ. ನಾ ಇದರ ಕೆಳಗ ಕುಂದ್ರಲ್ಲ. ಜಡೆಯವರ ಗಾಡೀದು ಬಿಚ್ಚಿ ಬ್ಯಾರೆ ಹಾಕು."

ಮರುದಿನ ಬೆಳಿಗ್ಗೆ ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮಗಳ ಊರಿಗೆ ಬಸ್ ಹತ್ತಿದರು. ಬೇರೆ ಕೊಳವೆ ಬರಲು ಹಬ್ಬ ಕಳೆಯಬೇಕಿತ್ತು. ಜಡೆಯ ಗಿರಾಕಿ ಅದೇ ದಿನ ಟ್ರ್ಯಾಕ್ಟರಿಗೆ ಬಾಳೆಕಂದು ಕಟ್ಟಿಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಬೂದುಗುಂಬಳದೊಂದಿಗೆ ಅಂಗಳದಲ್ಲಿ ಬಂದು ನಿಂತಿದ್ದ. ಅವರ ಮುಖ ನೋಡಿ 'ಆಗಿಲ್ಲ' ಎನ್ನಲು ನನ್ನ ನಾಲಗೆ ಏಳಲಿಲ್ಲ. ತಂದೆಯ ಕಾಲದಿಂದ ನಮ್ಮ ಅಂಗಳದಿಂದ ಯಾರೂ ಬರಿಗೈಯಲ್ಲಿ ಹೋಗಿಲ್ಲ ಎಂಬ ಜಂಬ ಬೇರೆ.

"ಮೇಸ್ತ್ರಿ ಕೂತ್ರಾ?" ಎಂದು ಅವನು ಕೇಳಿದ.

"ನಿನ್ನೆ ಸಂಜೇನೇ ಕುಂತಿದ್ರು" ಎಂದೆ. ಚುಕ್ಕಿಯನ್ನು ಅವನು ಬರುವ ಮುಂಚೆಯೇ ಹೊಡೆದಿಟ್ಟಿದ್ದೆ. ಅಂದರೆ ಮುಖ ನೋಡಿ ಮನಸ್ಸು ಕರಗಿತು ಎಂದು ಮೇಲೆ ಬರೆದದ್ದು ಕೂಡ ಪೂರಾ ನಿಜವಲ್ಲ.

ಹೊಸ ಕೊಳವೆ ಬಂದ ಮೇಲೆ ಜಡೆಗೆ ಹೋಗಿ ಬದಲಿಸಿಕೊಟ್ಟರಾಯಿತು ಎಂದುಕೊಂಡಿದ್ದೆ. ಹೊಸ ಕೊಳವೆ ಬಂತು. ಸುಗ್ಗಿಯ ಗಿರಾಕಿಗಳೂ ಬಂದರು. ಇವತ್ತು ನಾಳೆ ಎನ್ನುತ್ತ ದಿನ ಹೋಯಿತು. ಏನೂ ಆಗಲಿಲ್ಲವಲ್ಲ ಎಂಬ ಸಮಾಧಾನವೂ ಮೆಲ್ಲಗೆ ಬಂದು ಸೇರಿಕೊಂಡಿತು.

ಮೇಸ್ತ್ರಿ ಸುಗ್ಗಿ ಮುಗಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬಂದ ದಿನವೇ ಆ ಕೆಟ್ಟ ಕೊಳವೆಯ ತುಂಡುಗಳನ್ನು ಉದ್ದಕ್ಕೆ ಸೀಳಿ ಗುಜರಿಗೆ ಹಾಕಲು ಹೊರಟರು, ಇನ್ಯಾರೂ ಅದನ್ನು ಬಳಸದಿರಲಿ ಎಂದು. ಮೂಲೆಯಲ್ಲಿ ಕೂತು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ನಾಲ್ಕು ತುಂಡು ಮಾಡಿದ್ದೆ. ಮೂರ ಅದಾವಲ್ಲೋ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಚುಕ್ಕಿ?"

"ಹೊಡದೆ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಜೇಬಿನಿಂದ ಪಂಚು ತೆಗೆದು ಬೆಂಚಿನ ಮೇಲಿಟ್ಟರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರ. ಮಾನ ಹಾಳಾಗಿ ಹೋಗ್ಲಿ ತಮ್ಮಾ. ಜಡೆಗೆ ಬಸ್ ಎಷ್ಟೊತ್ತಿಗೈತಿ?" ಎಂದರು. ಪಂಚನ್ನು ಆಮೇಲೆ ಅವರು ಮುಟ್ಟಲಿಲ್ಲ. ಯಾವ ಟ್ರಾಲಿಯ ಕೆಳಗೂ ಕೂರಲಿಲ್ಲ. ಪರೀಕ್ಷೆಯೆಲ್ಲ ಹಾಗೆಯೇ ಮಾಡುತ್ತಿದ್ದರು, ಗುರುತು ಮಾತ್ರ ಹಾಕುತ್ತಿರಲಿಲ್ಲ. ಗಿರಾಕಿಗಳು ಅವರಿಗೆ ವಯಸ್ಸಾಯಿತು ಎಂದುಕೊಂಡರು.

ಜಡೆಯಲ್ಲಿ ಟ್ರಾಲಿ ಇರಲಿಲ್ಲ. ಅಣ್ಣತಮ್ಮಂದಿರಿಗೆ ಪಾಲಾಗಿ, ಅದು ಸೊರಬದ ಒಬ್ಬ ದಲ್ಲಾಳಿಯ ಕೈಸೇರಿತ್ತು. ಸೊರಬಕ್ಕೆ ಹೋದೆವು. ದಲ್ಲಾಳಿ ನಮ್ಮ ಹೆಸರಿನ ತಗಡು ಕಿತ್ತು, ಬೇರೆ ಬಣ್ಣ ಬಳಿದು ಮಾರಿದ್ದ. "ಯಾರೋ ಎಂತೋ, ಇಟ್ಟಿಗೆ ಹೊಡಿಯೋರು ತಗಂಡ್ ಹೋದ್ರು. ಚುಕ್ಕಿ ನೋಡೇ ತಗಂಡಿದ್ದು ಮತ್ತೆ" ಎಂದ. ಮೇಸ್ತ್ರಿ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು. ನಾನು ಅವರನ್ನು ಕುಗ್ಗಿದವರಾಗಿ ನೋಡಿದ್ದು ಅದೇ ಮೊದಲು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು. "ಅಂಗಡಿ ಮುಂದ ಬೋರ್ಡ್ ಬರೆಸು. ಚುಕ್ಕಿ ನಂಬಬ್ಯಾಡ್ರಿ, ಗಾಡಿ ತರ್ರಿ, ನೋಡಿಕೊಡ್ತೀವಿ ಅಂತ."

"ಬರಸ್ತೀನಿ" ಎಂದೆ. ಬರೆಸಲಿಲ್ಲ. ಬರೆಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಹೆದರಿಕೆ. ಸದ್ದಿಲ್ಲದೆ ಹುಡುಕೋಣ, ಸಿಕ್ಕ ಮೇಲೆ ಎಲ್ಲ ಸರಿಹೋಗುತ್ತದೆ ಎಂದೆ. ಅವರು ಎರಡು ಸಲ ನೆನಪಿಸಿದರು. ಮೂರನೆಯ ಸಲ ನೆನಪಿಸಲಿಲ್ಲ.

ಅಲ್ಲಿಂದ ನಾಲ್ಕು ವರ್ಷ, ವರ್ಕ್‌ಶಾಪಿಗೆ ರಜೆಯಿರುವ ಪ್ರತಿ ಮಂಗಳವಾರ, ಮೇಸ್ತ್ರಿ ಬುತ್ತಿ ಕಟ್ಟಿಕೊಂಡು ಸೊರಬದ ಬಸ್ ಹತ್ತುತ್ತಿದ್ದರು. ಇಟ್ಟಿಗೆ ಭಟ್ಟಿ, ಮರಳಿನ ಗುಡ್ಡೆ, ಶುಂಠಿ ತೊಳೆಯುವ ಜಾಗ, ಅಂಬ್ಲಿಗೊಳದ ಕಾಲುವೆ ಕೆಲಸ, ಎಲ್ಲಿ ಟ್ರಾಲಿ ನಿಂತಿದ್ದರೂ ಬಗ್ಗಿ ನೋಡುತ್ತಿದ್ದರು. ಜನ ಅವರನ್ನು ಗುರುತಿಸಿ ನೀರು ಮಜ್ಜಿಗೆ ಕೊಟ್ಟು, "ನಿಮ್ಮ ಚುಕ್ಕಿ ಇರೋ ಗಾಡೀನೇ ಅಜ್ಜ" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರಂತೆ. ಕಂಡ ಪ್ರತಿ ಚುಕ್ಕಿಯೂ ಅವರಿಗೆ ಒಂದು ಅನುಮಾನ. ಬುಡ ಬೆಸೆದು ಮುಚ್ಚಿದ ಕೊಳವೆಯ ಅಂಚಿಗೆ ಆಸಿಡ್ ಹಾಕಿ ನೋಡುವಂತಿಲ್ಲ, ಬಿಚ್ಚಲು ಯಾರೂ ಒಪ್ಪುವುದಿಲ್ಲ. "ಎತ್ತಿದಾಗ ಕೆಳಗ ಒಂದು ಮರದ ಆಸರೆ ಕೊಡ್ರಿ" ಎಂದಷ್ಟೇ ಹೇಳಿ ಬರುತ್ತಿದ್ದರು. "ಹೂಂ ಅಜ್ಜ" ಎನ್ನುತ್ತಿದ್ದರು, ಕೊಡುತ್ತಿರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದಾಗ ಅವರು ಮಂಚ ಬಿಟ್ಟು ಏಳುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡರು. ಬೆರಳಿಲ್ಲದ ಆ ಹಿಡಿತ ಒಂದು ಕಡೆ ಖಾಲಿಯಾಗಿತ್ತು.

"ಕಾರ್ಖಾನೆಯಾಗ ಅವತ್ತು ಒಬ್ಬ ಸತ್ತನಲ್ಲ, ಆ ಕೊಳವಿ ನಡುವ ಕಾಸೇತಿ ಅಂತ ಚೀಟಿ ಇತ್ತು. ಚೀಟಿಗೆ ಸೀಲು ಒತ್ತಿದವ ನಾನ" ಎಂದರು. "ಸಾಹೇಬರು ಅವಸರ ಮಾಡಿದ್ರು, ಒತ್ತಿದೆ. ಅದಕ್ಕ ಆಮೇಲೆ ಕುಂದ್ರಾಕ ಶುರು ಮಾಡಿದ್ದು. ನಿನ್ನ ಬೈಯಾಕ ನನಗ ಬಾಯಿ ಎಲ್ಲೈತಿ? ಆದ್ರ ನನಗ ಎರಡು ಬೆರಳಾದ್ರೂ ಹೋದ್ವು. ನಿನಗ ಏನೂ ಹೋಗಿಲ್ಲ. ಅದ ನನಗ ಹೆದರಿಕಿ. ಬೋರ್ಡ್ ಬರೆಸಪ್ಪಾ."

ಅವರು ಹೋದ ಮೇಲೂ ನಾನು ಬೋರ್ಡ್ ಬರೆಸಲಿಲ್ಲ. ಮಂಗಳವಾರದ ತಿರುಗಾಟವನ್ನು ಮಾತ್ರ ಮುಂದುವರಿಸಿದೆ. ಹೆಣ ಮಣ್ಣಾದ ಮೇಲೆ ಬುದ್ಧಿ ಬಂದವನ ಹಾಗೆ, ನನಗೆ ಸುಲಭವಾದ ಅರ್ಧವನ್ನು ಆರಿಸಿಕೊಂಡೆ.

ಶಿವಗಣಾರಾಧನೆಯ ಊಟ ಮುಗಿದು ಒಂದು ವಾರಕ್ಕೆ ಗುಡವಿಯ ದಾರಿಯಲ್ಲಿ ಒಂದು ಊರ ಕೆರೆಯ ಹೂಳೆತ್ತುತ್ತಿದ್ದರು. ಬಿಸಿಲಿಗೆ ಬಿರಿದ ಕೆರೆಯಂಗಳ, ಒಂದು ಮರವಿಲ್ಲ. ಏರಿಯ ಕೆಳಗೆ ಐದಾರು ಟ್ರಾಲಿಗಳು ಎದ್ದು ನಿಂತಿದ್ದವು. ಮಣ್ಣು ಸುರಿದ ಮೇಲೂ ಇಳಿಸಿರಲಿಲ್ಲ, ಯಾಕೆಂದರೆ ಅಲ್ಲಿದ್ದ ನೆರಳು ಅದೊಂದೇ. ಮೊದಲ ಟ್ರಾಲಿಯ ಕೆಳಗೆ ಮೂವರು ಹೆಂಗಸರು, ಡ್ರೈವರು, ಬುತ್ತಿ ಬಿಚ್ಚಿ ಕೂತಿದ್ದರು. ನಾನು ಬಗ್ಗಿ ನೋಡಿದೆ. ಕೊಳವೆಯ ಬುಡದಲ್ಲಿ ಚುಕ್ಕಿ ಇತ್ತು. ಅದಕ್ಕಿಂತ ಮೇಲೆ, ನಟ್ಟನಡುವೆ, ಸೀಲೂ ಇಲ್ಲದ ಬೆಸುಗೆಯೂ ಇಲ್ಲದ ಜಾಗದಲ್ಲಿ, ಒಂದು ಗೇಣುದ್ದ ಕೆಂಧೂಳು ಒದ್ದೆಯಾಗಿ ನೆಟ್ಟಗೆ ಅಂಟಿಕೊಂಡಿತ್ತು.

"ಎದ್ದು ಈಚೆಗೆ ಬನ್ನಿ" ಎಂದೆ. ಮತ್ತೆ ಹೇಳಿದೆ.

ಹಿರಿಯ ಹೆಂಗಸು ತುತ್ತು ಕೈಯಲ್ಲಿ ಹಿಡಿದೇ ನನ್ನ ನೋಡಿದಳು. "ಎಂತಕ್ಕೆ? ನೀವೇ ಒಳಗೆ ಬನ್ನಿ, ನೆಳ್ಳಿಗೆ ಕೂತ್ಕಳಿ. ಹೆದ್ರಬ್ಯಾಡಿ, ಇದು ಶಿಕಾರಿಪುರದ ಅಜ್ಜ ಕೂತಿದ್ ಗಾಡಿ. ಚುಕ್ಕಿ ಇದೆ ನೋಡಿ."

"ಅಜ್ಜ ಕೂತಿಲ್ಲ. ಆ ಚುಕ್ಕಿ ಹೊಡೆದವನು ನಾನು" ಎಂದೆ. ನಾಲ್ಕು ವರ್ಷದಲ್ಲಿ ಮೇಸ್ತ್ರಿಯ ಹೊರತು ಇನ್ನೊಬ್ಬರೆದುರು ಆ ಮಾತು ಹೊರಬಂದದ್ದು ಅದೇ ಮೊದಲು. ಅವರಿಗೆ ಅದು ಅರ್ಥವಾಗಲಿಲ್ಲ. ಆದರೆ ನನ್ನ ಮುಖ ಅರ್ಥವಾಗಿರಬೇಕು. ಬುತ್ತಿ ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಬಂದರು. ಡ್ರೈವರು ಗೊಣಗುತ್ತ ಟ್ರ್ಯಾಕ್ಟರ್ ಹತ್ತಿ ಲಿವರ್ ಎಳೆದ. ಟ್ರಾಲಿ ಅರ್ಧ ಇಳಿದಿತ್ತು. ಆ ಟಕ್ ಸದ್ದು ಕೇಳಿತು, ಅವತ್ತು ಬಳೆ ಬಾಯಿ ಬಿಟ್ಟ ಸದ್ದೇ, ದೊಡ್ಡದಾಗಿ. ಉಳಿದರ್ಧ ಒಂದೇ ಸಲಕ್ಕೆ ಬಿತ್ತು. ಅವರು ಕೂತಿದ್ದ ಗೋಣಿಚೀಲದ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

ಡ್ರೈವರು ಇಳಿದು ಬಂದು ನನ್ನ ಪಕ್ಕ ನಿಂತ. ನಾನು ಮಂಡಿಯೂರಿ ಜಾಕ್ ನೋಡಿದೆ. ಕೊಳವೆ ಹೊಲಿಗೆಯ ಗುಂಟ ಸೀಳಿತ್ತು. ಸಿಕ್ಕಿತು ಮೇಸ್ತ್ರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕಣ್ಣೀರು ಬಂತು. ಆಮೇಲೆ ಜಾಕನ್ನು ಟ್ರಾಲಿಗೆ ಕೂರಿಸುವ ಬುಡದ ಹಿಡಿ ಕಂಡಿತು. ನಮ್ಮಲ್ಲಿ ಅದನ್ನು ಗುಂಡಗೆ ಕತ್ತರಿಸುತ್ತೇವೆ, ಇದು ಚೌಕವಾಗಿತ್ತು. ಬೆಸುಗೆಯ ಕೈಯೂ ನಮ್ಮದಲ್ಲ.

"ಇದನ್ನ ಎಲ್ಲಿ ಮಾಡಿಸಿದ್ದು?" ಎಂದು ಕೇಳಿದೆ.

ಅವನು ಬೇರೆ ಊರಿನ ವರ್ಕ್‌ಶಾಪೊಂದನ್ನು ಹೇಳಿದ. "ಈಗ ಎಲ್ಲಾ ಕಡೆನೂ ಚುಕ್ಕಿ ಹೊಡೆದೇ ಕೊಡ್ತಾರಲ್ರೀ. ಇಲ್ಲಂದ್ರೆ ಯಾರೂ ತಗಳಲ್ಲ." ಸೀಳಿದ ಕೊಳವೆಯ ಕಡೆ ಬಗ್ಗಿ, "ನೀವು ಹೊಡೆದಿದ್ದು ಅಂದ್ರಲ್ಲ, ಅದು ಯಾವುದು ಹಂಗಾರೆ?" ಎಂದ.

"ಗೊತ್ತಿಲ್ಲಪ್ಪ" ಎಂದು ತಿರುಗಿ ನೋಡಿದೆ. ಹೆಂಗಸರು ಅಷ್ಟರಲ್ಲಿ ಪಕ್ಕದ ಟ್ರಾಲಿಯ ನೆರಳಿಗೆ ಹೋಗಿ ಕೂತು ಅರ್ಧಕ್ಕೆ ನಿಂತ ಊಟ ಮುಂದುವರಿಸಿದ್ದರು. ಅವರ ಬೆನ್ನ ಹಿಂದಿನ ಕೊಳವೆಯ ಬುಡದಲ್ಲೂ ಒಂದು ಚುಕ್ಕಿ ಇತ್ತು.